ಎರಡು ಕಟ್ಟು ಕಾಗದ, ನಾಲ್ಕು ದಾರಿ: ಪಿಡಿಎಫ್ ಜೋಡಿಸಿ ನೋಡಿದ್ದು

ಮೇ ತಿಂಗಳ ಕಲಬುರಗಿ ಬಿಸಿಲು. ಮಧ್ಯಾಹ್ನ ಹೊರಗೆ ಕಾಲಿಡೋಕೇ ಆಗದಂಥ ಹೊತ್ತಿನಲ್ಲಿ ಅಕ್ಕನ ಮಗಳು ಕಾಗದದ ಚೀಲ ಹಿಡಿದುಕೊಂಡು ಮನೆಗೆ ಬಂದಳು. “ಮಾಮಾ, ಅರ್ಜಿಗೆ ಎಲ್ಲಾ ಕಾಗದ ಒಂದೇ ಪಿಡಿಎಫ್ ಮಾಡಬೇಕಂತ್ರಿ. ಐದು ಎಂಬಿ ಒಳಗ ಇರಬೇಕಂತ. ನಾಳಿಗೇ ಕಡೀ ದಿನ ಅದ.”

ಚೀಲದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಇದ್ದವು. ಡಿಗ್ರಿಯ ಆರು ಸೆಮಿಸ್ಟರ್‌ಗಳದ್ದೂ ಇದ್ದವು. ವ್ಯಾಸಂಗ ಪತ್ರ, ಜಾತಿ ಮತ್ತು ಆದಾಯ ಪತ್ರ, ಆಧಾರ್, ಜೊತೆಗೆ 371(ಜೆ) ಪತ್ರ. ಎಲ್ಲಾ ಸೇರಿ 22 ಪುಟ. ನಮ್ಮ ಭಾಗದವರಿಗೆ 371(ಜೆ) ಪತ್ರ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕಲ್ಯಾಣ ಕರ್ನಾಟಕದ ಮೀಸಲಾತಿ ಸಿಗುವುದೇ ಸಹಾಯಕ ಆಯುಕ್ತರ ಕಚೇರಿ ಕೊಡುವ ಆ ಒಂದು ಹಾಳೆಯ ಮೇಲೆ. ಅದರ ನಂಬರ್, ಸಹಿ, ಮೊಹರು ಓದೋಕೆ ಬರದಿದ್ದರೆ ಉಳಿದ 21 ಪುಟ ಎಷ್ಟು ಚೆನ್ನಾಗಿದ್ದರೂ ಸುಮ್ನೆ.

ಅದೇ ವಾರ ನನಗೆ ಇನ್ನೊಂದು ಕಟ್ಟೂ ಬಂತು. ಆಳಂದದ ಕಡೆ ನಮ್ಮ ಹೊಲದ ಕಾಗದ ಕಳಿಸು ಅಂತ ಪುಣೆಯಲ್ಲಿರುವ ಅಣ್ಣ ಕೇಳಿದ್ದರು. ಪಹಣಿ, ಮ್ಯುಟೇಷನ್, ಆಕಾರಬಂದ್, ಅಜ್ಜ ಇಟ್ಟಿದ್ದ ನಿಜಾಮರ ಕಾಲದ ಉರ್ದು ಕಾಗದ, ಎಲ್ಲಾ ಸೇರಿ 61 ಪುಟ. ಇದಕ್ಕೆ ಎಂಬಿ ಲೆಕ್ಕ ಇರಲಿಲ್ಲ. ಆದರೆ ವಕೀಲರು ಪ್ರಿಂಟ್ ತೆಗೆದು ಓದುತ್ತಾರೆ, ಹಾಗಾಗಿ ಪುಟಗಳ ಸಾಲು ತಪ್ಪುವಂತಿರಲಿಲ್ಲ.

ಈ ಎರಡು ಕಟ್ಟಿನ ಮೇಲೆ ನಾಲ್ಕು ದಾರಿ ನೋಡಿದೆ: ಝೆರಾಕ್ಸ್ ಅಂಗಡಿ, ಐಲವ್‌ಪಿಡಿಎಫ್ ವೆಬ್‌ಸೈಟ್, ಪಿಡಿಎಫ್‌ಸ್ಯಾಮ್ ಬೇಸಿಕ್, ಪಿಡಿಎಫ್24 ಕ್ರಿಯೇಟರ್. ಕೊನೆಯ ಎರಡು ಕಂಪ್ಯೂಟರ್‌ಗೆ ಹಾಕಿಕೊಳ್ಳುವ ತಂತ್ರಾಂಶ. ಅಡೋಬಿಯ ಉಚಿತ ರೀಡರ್‌ನಲ್ಲಿ ಓದಬಹುದು, ಜೋಡಿಸೋಕೆ ಆಗಲ್ಲ. ಅದಕ್ಕೆ ದುಡ್ಡು ಕೊಟ್ಟು ಅಕ್ರೊಬ್ಯಾಟ್ ತೊಗೋಬೇಕು. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೊದಲು ಅಂಗಡಿ. ಮನೆ ಹತ್ತಿರದ್ದೇ ಒಂದು. ಹುಡುಗ ಚುರುಕು. ಹತ್ತು ನಿಮಿಷದಲ್ಲಿ ಸ್ಕ್ಯಾನ್ ಮಾಡಿ, ಜೋಡಿಸಿ, ಕುಗ್ಗಿಸಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟ. ಮನೆಗೆ ಬಂದು ನೋಡಿದರೆ ಫೈಲ್ 1 ಎಂಬಿಗಿಂತ ಕಮ್ಮಿ ಇತ್ತು. 371(ಜೆ) ಪತ್ರದ ಮೊಹರು ನೀಲಿ ಕಲೆಯಂತೆ ಕಾಣುತ್ತಿತ್ತು. ಆದಾಯ ಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತಲ್ವಾ, ಅದರಲ್ಲಿ 8 ಯಾವುದು 6 ಯಾವುದು ಗೊತ್ತಾಗುತ್ತಿರಲಿಲ್ಲ. ಐದು ಎಂಬಿ ಜಾಗ ಇದ್ದಾಗ ಒಂದು ಎಂಬಿಗೆ ಇಳಿಸುವುದು ಯಾಕೆ? ಆ ಹುಡುಗನ ಹಿಂದೆ ಹತ್ತು ಜನ ನಿಂತಿದ್ದರು. ಪ್ರತಿ ಪುಟ ದೊಡ್ಡದು ಮಾಡಿ ನೋಡುವಷ್ಟು ಬಿಡುವು ಅವನಿಗಿರಲಿಲ್ಲ.

ನನಗೆ ಜಾಸ್ತಿ ಕಳವಳ ಆಗಿದ್ದು ಬೇರೆ ವಿಷಯಕ್ಕೆ. ಅವನ ಕಂಪ್ಯೂಟರ್ ಪರದೆ ತುಂಬಾ ಯಾರ್ಯಾರದೋ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್. ಮರುದಿನ ಹೋಗಿ ನಮ್ಮ ಕಾಗದ ಅಳಿಸಪ್ಪಾ ಅಂತ ಕೇಳಿದೆ, ಅಳಿಸಿದ. ರೀಸೈಕಲ್ ಬಿನ್ ಖಾಲಿ ಮಾಡೋಕೆ ಹೇಳಿದೆ, ಅದನ್ನೂ ಮಾಡಿದ. ಕೇಳದೇ ಬಂದವರ ಕಾಗದ ಅಲ್ಲೇ ಇದೆ. ಅಂಗಡಿಗೆ ಹೋಗಲೇಬೇಕಾದರೆ ಇಷ್ಟನ್ನು ಕೇಳೋಕೆ ಸಂಕೋಚ ಪಡಬೇಡಿ.

ಅಂಗಡಿಯ ಫೈಲ್ ನೋಡಿದ ದಿನವೇ ಮನೆಯ ಪ್ರಿಂಟರ್‌ನಲ್ಲೇ ಎಲ್ಲವನ್ನೂ ಮತ್ತೆ ಸ್ಕ್ಯಾನ್ ಮಾಡಿದೆ. ಬಣ್ಣದಲ್ಲಿ, 300 ಡಿಪಿಐ, ಅಂದರೆ ಒಂದು ಇಂಚಿಗೆ 300 ಚುಕ್ಕಿ. ಒಟ್ಟು 34 ಎಂಬಿ. ಇದನ್ನೇ ಉಳಿದ ಮೂರು ದಾರಿಗೂ ಕೊಟ್ಟೆ, ವೆಬ್‌ಸೈಟಿಗೆ ಮಾತ್ರ ಆಧಾರ್ ಬಿಟ್ಟು. ಮೂರರಲ್ಲೂ ಜೋಡಿಸಿದ ಫೈಲ್ ಹೆಚ್ಚು ಕಮ್ಮಿ 34 ಎಂಬಿಯೇ ಬಂತು! ಜೋಡಿಸಿದರೆ ಫೈಲ್ ಚಿಕ್ಕದಾಗುತ್ತೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ, ಅಕ್ಕನ ಮಗಳೂ ಹಾಗೇ ಅಂದುಕೊಂಡಿದ್ದಳು. ಜೋಡಿಸುವುದು ಬೇರೆ, ಕುಗ್ಗಿಸುವುದು ಬೇರೆ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದ ಚುಕ್ಕಿ. 150ಕ್ಕೆ ಇಳಿಸಿದರೆ 1240 ಮತ್ತು 1754. ಅಂದರೆ ಚುಕ್ಕಿಗಳು ಕಾಲು ಭಾಗಕ್ಕೆ ಇಳಿಯುತ್ತವೆ. ನಮಗೆ ಸಿಕ್ಕಿದ್ದು 22 ಪುಟಕ್ಕೆ 5 ಎಂಬಿ. ಪುಟಕ್ಕೆ ಸುಮಾರು 230 ಕೆಬಿ. 150 ಡಿಪಿಐಗೆ ಅದು ಧಾರಾಳ.

ಐಲವ್‌ಪಿಡಿಎಫ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಫೋನಿನಲ್ಲೇ ಆಗುತ್ತೆ. ಫೈಲ್ ಆರಿಸಿ, ಬೆರಳಲ್ಲಿ ಎಳೆದು ಸಾಲು ಮಾಡಿ, ಒತ್ತಿದರೆ ಮುಗಿಯಿತು. ಕುಗ್ಗಿಸುವ ಸೌಲಭ್ಯವೂ ಇದೆ, ಅದರಲ್ಲಿ ಮೂರು ಹಂತ. ಬಳಸೋಕೆ ಇಷ್ಟು ಸುಲಭವಾದದ್ದು ಈ ನಾಲ್ಕರಲ್ಲಿ ಇನ್ನೊಂದಿಲ್ಲ. ಆದರೆ ಕೆಲಸ ನಡೆಯುವುದು ಅವರ ಸರ್ವರ್‌ನಲ್ಲಿ. 34 ಎಂಬಿ ಮೇಲೇರಬೇಕು, ಮತ್ತೆ ಇಳಿಯಬೇಕು. ಎರಡು ಗಂಟೆಯೊಳಗೆ ಫೈಲ್ ಅಳಿಸುತ್ತೇವೆ ಅಂತ ಅವರು ಹೇಳುತ್ತಾರೆ. ನಾನು ಅವರ ಮಾತನ್ನು ಅನುಮಾನಿಸುತ್ತಿಲ್ಲ. ಹಳೇ ಪ್ರಶ್ನೆಪತ್ರಿಕೆ, ಸಿಲಬಸ್, ನೋಟ್ಸ್ ಜೋಡಿಸೋಕೆ ಇಂದಿಗೂ ಇದನ್ನೇ ಬಳಸುತ್ತೇನೆ. ಆಧಾರ್, ಹೊಲದ ಕಾಗದ ಮಾತ್ರ ಮನೆಯ ಕಂಪ್ಯೂಟರ್ ದಾಟಬಾರದು ಅನ್ನುವುದು ನನ್ನ ಲೆಕ್ಕ. ಮನೆಯಲ್ಲೇ ಆಗುವ ಕೆಲಸಕ್ಕೆ ಅವನ್ನು ಯಾಕೆ ಹೊರಗೆ ಕಳಿಸಬೇಕು? ಆಧಾರ್ ಹೊರಗೆ ಕಳಿಸಲೇಬೇಕು ಅಂತಾದರೆ, ಒಪ್ಪುವ ಕಡೆ ಮಾಸ್ಕ್ ಮಾಡಿದ ಆಧಾರ್ ಕೊಡಿ. ಅದರಲ್ಲಿ ಮೊದಲ ಎಂಟು ಅಂಕಿ ಮುಚ್ಚಿರುತ್ತವೆ.

ಆನ್‌ಲೈನ್ ತಾಣಗಳ ಬಗ್ಗೆ ಕನ್ನಡದವರಿಗೇ ಬೇಕಾದ ಇನ್ನೊಂದು ಮಾತಿದೆ. ವ್ಯಾಸಂಗ ಪತ್ರ ನಮಗೆ ವಾಟ್ಸಾಪ್‌ನಲ್ಲಿ ವರ್ಡ್ ಫೈಲ್ ಆಗಿ ಬಂದಿತ್ತು, ನುಡಿ ಅನ್ನುವ ಕನ್ನಡ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದು. ಅದನ್ನು ಒಂದು ತಾಣಕ್ಕೆ ಹಾಕಿ ಪಿಡಿಎಫ್ ಮಾಡಿದೆ. ಬಂದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಕಾರಣ ಸರಳ. ನುಡಿಯ ಹಳೇ ಫಾಂಟ್‌ಗಳು ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಒಳಗಿನ ಇಂಗ್ಲಿಷ್ ಅಕ್ಷರವೇ ಕಾಣುತ್ತೆ. ಆದ್ದರಿಂದ ವರ್ಡ್ ಫೈಲನ್ನು ನುಡಿ ಇರುವ ಕಂಪ್ಯೂಟರ್‌ನಲ್ಲೇ ತೆರೆದು ಪಿಡಿಎಫ್ ಮಾಡಿಕೊಳ್ಳಿ. ಆಗ ಫಾಂಟ್ ಫೈಲಿನೊಳಗೇ ಕೂರುತ್ತೆ. ಆಮೇಲೆ ಯಾವುದರಲ್ಲಿ ಜೋಡಿಸಿದರೂ ಅಕ್ಷರ ಕೆಡಲ್ಲ.

ಇನ್ನು ಪಿಡಿಎಫ್‌ಸ್ಯಾಮ್ ಬೇಸಿಕ್. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತೆ. ಒಮ್ಮೆ ಹಾಕಿಕೊಂಡರೆ ನೆಟ್ ಬೇಕಿಲ್ಲ. ಇ-ಆಧಾರ್‌ಗೆ ಪಾಸ್‌ವರ್ಡ್ ಇರುತ್ತಲ್ವಾ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ, ಅದನ್ನು ಇದರಲ್ಲಿ ಕೊಟ್ಟರೆ ಸಾಕು, ಬೀಗ ಹಾಕಿದ ಫೈಲೂ ಸೇರಿಕೊಳ್ಳುತ್ತೆ. ಯಾವ ಫೈಲಿನ ಯಾವ ಪುಟ ಬೇಕು ಅಂತ ಸಂಖ್ಯೆ ಬರೆದು ಹೇಳಬಹುದು. ಹೊಲದ ಕಟ್ಟಿಗೆ ನನಗೆ ತುಂಬಾ ಹಿಡಿಸಿದ್ದು ಎರಡು. ಒಂದು, ಫೈಲ್ ಹೆಸರುಗಳಿಂದ ತಾನೇ ಪರಿವಿಡಿ ಮಾಡಿ ಮುಂದೆ ಇಡುತ್ತೆ. ಇನ್ನೊಂದು, ಒಂದು ದಾಖಲೆ ಬೆಸ ಪುಟಕ್ಕೆ ಮುಗಿದರೆ ಕೊನೆಗೆ ಖಾಲಿ ಪುಟ ಸೇರಿಸು ಅಂತ ಹೇಳಬಹುದು. ಎರಡೂ ಬದಿ ಪ್ರಿಂಟ್ ತೆಗೆದಾಗ ಪಹಣಿಯ ಬೆನ್ನಿಗೆ ಮ್ಯುಟೇಷನ್ ಅಂಟಿಕೊಳ್ಳಲ್ಲ, ಪ್ರತಿ ಕಾಗದ ಹೊಸ ಹಾಳೆಯಲ್ಲೇ ಶುರು. ಕೋರ್ಟು ಕಚೇರಿ ಓಡಾಡಿದವರಿಗೆ ಇದರ ಬೆಲೆ ಗೊತ್ತು.

ಪುಟದ ಚಿತ್ರ ಮಾತ್ರ ಇದರಲ್ಲಿ ಕಾಣಲ್ಲ. ಫೈಲ್ ಹೆಸರಿನ ಪಟ್ಟಿ ಅಷ್ಟೇ. ಹಾಗಾಗಿ ಹೆಸರು ಸರಿಯಾಗಿ ಇಟ್ಟುಕೊಳ್ಳಬೇಕು. 1, 2 ಅಂತ ಇಟ್ಟರೆ ಕೆಲವು ಕಡೆ 1 ಆದ ಮೇಲೆ 10 ಬಂದು ಕೂರುತ್ತೆ. 01, 02 ಅಂತ ಶುರು ಮಾಡಿದರೆ ಈ ಗೋಳಿಲ್ಲ. ಸ್ಕ್ಯಾನ್ ಮಾಡಿದ ಚಿತ್ರಗಳ ಚುಕ್ಕಿಯನ್ನು ಕಮ್ಮಿ ಮಾಡುವ ಕೆಲಸವೂ ಇದರದ್ದಲ್ಲ. ಐದು ಎಂಬಿ ಗಡಿ ಇದ್ದ ಮೊದಲ ಕಟ್ಟಿಗೆ ಇದೊಂದೇ ಸಾಲದು.

ಆ ಕಟ್ಟನ್ನು ದಡ ಸೇರಿಸಿದ್ದು ಪಿಡಿಎಫ್24 ಕ್ರಿಯೇಟರ್. ಜರ್ಮನಿಯವರದು, ಉಚಿತ, ವಿಂಡೋಸ್‌ಗೆ ಮಾತ್ರ. ಇದೂ ನಮ್ಮ ಕಂಪ್ಯೂಟರ್‌ನಲ್ಲೇ ಕೆಲಸ ಮಾಡುತ್ತೆ. ಇದೇ ಹೆಸರಿನ ಆನ್‌ಲೈನ್ ತಾಣವೂ ಇದೆ, ಅದು ಬೇರೆ, ಅಲ್ಲಿ ಫೈಲ್ ಹೊರಗೆ ಹೋಗುತ್ತೆ. ಹುಡುಕುವಾಗ ಇದನ್ನು ಗಮನಿಸಿ. ಇದರಲ್ಲಿ ಪುಟಗಳು ಚಿತ್ರವಾಗಿ ಕಾಣುತ್ತವೆ. ಕುಗ್ಗಿಸುವಾಗ ಡಿಪಿಐ ಎಷ್ಟು, ಚಿತ್ರದ ಗುಣಮಟ್ಟ ಎಷ್ಟು, ಬಣ್ಣ ಬೇಕೋ ಬೇಡವೋ ಅಂತ ನಾವೇ ಹೇಳಬಹುದು.

ಮೊದಲ ಸಲ 22 ಪುಟವನ್ನೂ ಒಟ್ಟಿಗೆ ಕಪ್ಪು ಬಿಳುಪು ಮಾಡಿದೆ. ಚಿಕ್ಕದಾಯಿತು, ಆದರೆ 371(ಜೆ) ಪತ್ರದ ನೀಲಿ ಮೊಹರು, ಅದರ ಕೆಳಗಿನ ಕಪ್ಪು ಅಕ್ಷರ ಒಂದರೊಳಗೊಂದು ಬೆರೆತವು. ಆಮೇಲೆ ಕ್ರಮ ತಿರುಗಿಸಿದೆ. ಜೋಡಿಸುವ ಮೊದಲೇ ಕುಗ್ಗಿಸಿದೆ, ಎರಡು ಗುಂಪು ಮಾಡಿ. ಅಂಕಪಟ್ಟಿ, ವ್ಯಾಸಂಗ ಪತ್ರ ಎಲ್ಲಾ 150 ಡಿಪಿಐ, ಕಪ್ಪು ಬಿಳುಪು. 371(ಜೆ) ಮತ್ತು ಜಾತಿ ಆದಾಯ ಪತ್ರ 200 ಡಿಪಿಐ, ಬಣ್ಣ ಹಾಗೇ. ಆಮೇಲೆ ಸೇರಿಸಿದೆ. 4.3 ಎಂಬಿ ಬಂತು. ಮೊಹರಿನ ಒಳಗಿನ ಅಕ್ಷರವೂ ಓದೋಕೆ ಬರುತ್ತಿತ್ತು. ರಾತ್ರಿ ಹತ್ತೂವರೆಗೆ ಅರ್ಜಿ ಹೋಯಿತು.

ಪುಟದ ಚಿತ್ರ ಕಾಣುವುದು ಎಷ್ಟು ಮುಖ್ಯ ಅಂತ ತಿಳಿದದ್ದು ಹೊಲದ ಕಟ್ಟಿನಲ್ಲಿ. ಅಜ್ಜನ ಉರ್ದು ಕಾಗದ ನಾಲ್ಕು ಪುಟ, ಮಡಚಿದ ದೊಡ್ಡ ಹಾಳೆ. ನಾನು ಎಡಗಡೆಯಿಂದ ಸ್ಕ್ಯಾನ್ ಮಾಡುತ್ತಾ ಹೋಗಿದ್ದೆ. ಪರದೆಯ ಮೇಲೆ ಸಾಲಾಗಿ ನೋಡಿದ ದೊಡ್ಡಪ್ಪ ಹೇಳಿದರು, “ಇದು ಉಲ್ಟಾ ಆಗ್ಯದಲ್ಲೋ. ಉರ್ದು ಬಲಗಡೆಯಿಂದ ಶುರು ಆಗ್ತದ. ನೀ ಕಡೀ ಪುಟ ಮುಂದಿಟ್ಟಿದಿ.” ಅವರು ಸಣ್ಣವರಿದ್ದಾಗ ಶಾಲೆಯಲ್ಲಿ ಉರ್ದು ಕಲಿತವರು. ನನಗೆ ಒಂದಕ್ಷರ ಬರಲ್ಲ. ನಾಲ್ಕೂ ಪುಟವನ್ನು ಎಳೆದು ಸರಿ ಮಾಡಿದೆ. ಬರೀ ಫೈಲ್ ಹೆಸರು ನೋಡಿ ಜೋಡಿಸಿದ್ದರೆ ತಿರುವುಮುರುವಾದ ಕಾಗದವೇ ಪುಣೆಗೆ ಹೋಗುತ್ತಿತ್ತು. ಉರ್ದು ಭಾಗವನ್ನು ಪಿಡಿಎಫ್24ನಲ್ಲಿ ಸರಿ ಮಾಡಿ, ಇಡೀ ಕಟ್ಟನ್ನು ಪಿಡಿಎಫ್‌ಸ್ಯಾಮ್‌ನಲ್ಲಿ ಪರಿವಿಡಿ ಸಮೇತ ಜೋಡಿಸಿದೆ.

ಡಿಜಿಲಾಕರ್‌ನಿಂದ ಇಳಿಸಿಕೊಂಡ ಅಂಕಪಟ್ಟಿ ಇರುವವರಿಗೆ ಒಂದು ಮಾತು. ಅದರಲ್ಲಿ ಡಿಜಿಟಲ್ ಸಹಿ ಇರುತ್ತೆ. ಬೇರೆ ಫೈಲ್ ಜೊತೆ ಸೇರಿಸಿದ ಮೇಲೆ ಆ ಸಹಿ ಊರ್ಜಿತವಾಗಿ ಉಳಿಯಲ್ಲ, ನೋಡೋಕೆ ಮಾತ್ರ ಹಾಗೇ ಕಾಣುತ್ತೆ. ಮೂಲ ಫೈಲನ್ನು ಬೇರೆ ಇಟ್ಟುಕೊಂಡಿರಿ, ಪರಿಶೀಲನೆಗೆ ಕೇಳಿದರೆ ಅದನ್ನೇ ಕೊಡಬೇಕು. ಇನ್ನು ಕಂಪ್ಯೂಟರೇ ಇಲ್ಲ, ಫೋನ್ ಮಾತ್ರ ಅನ್ನುವವರು ಗೂಗಲ್ ಡ್ರೈವ್‌ನ ಸ್ಕ್ಯಾನ್‌ನಲ್ಲಿ ಎಲ್ಲಾ ಹಾಳೆಗಳನ್ನು ಒಂದೇ ಬಾರಿಗೆ ಒಂದಾದ ಮೇಲೊಂದು ಸ್ಕ್ಯಾನ್ ಮಾಡಿ. ಒಂದೇ ಪಿಡಿಎಫ್ ಬರುತ್ತೆ, ಜೋಡಿಸುವ ಕೆಲಸವೇ ಇಲ್ಲ.

ಅರ್ಜಿ ಹೋದ ಮರುದಿನ ಬೆಳಿಗ್ಗೆ ಅಕ್ಕನ ಮಗಳು ಇಬ್ಬರು ಗೆಳತಿಯರನ್ನು ಕರೆದುಕೊಂಡು ಬಂದಳು, ಅವರದ್ದೂ ಅದೇ ಅರ್ಜಿ. ಈ ಸಲ ಲ್ಯಾಪ್‌ಟಾಪ್ ಮುಂದೆ ಕೂತದ್ದು ಅವಳೇ. ನಾನು ಪಕ್ಕದಲ್ಲಿ ಕೂತು ಮೊಹರುಗಳನ್ನಷ್ಟೇ ದೊಡ್ಡದು ಮಾಡಿ ನೋಡಿದೆ.