ತುಂಬಿ ತುಳುಕುವ ಗೇಮ್ ಲೈಬ್ರರಿ: ಹೈಡ್ ಮಾಡೋದೋ, ಅಳಿಸೋದೋ, ಪ್ಲೇನೈಟ್‌ಗೆ ತರೋದೋ?

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಸೇಲ್‌ಗಳಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ಬಂಡಲ್‌ನಲ್ಲಿ ಜೊತೆಗೆ ಬಂದದ್ದು, 2018ರ ಡಿಸೆಂಬರ್‌ನಿಂದ ಅಂಥದ್ದೇ ಇನ್ನೊಂದು ಅಂಗಡಿ ಎಪಿಕ್ ಸ್ಟೋರ್ ಪುಕ್ಕಟೆ ಹಂಚುತ್ತಿರುವುದು ಎಲ್ಲ ಸೇರಿ ಲೈಬ್ರರಿ, ಅಂದರೆ ನಮ್ಮ ಖಾತೆಯಲ್ಲಿರುವ ಗೇಮ್‌ಗಳ ಪಟ್ಟಿ, ಬೆಳೆದುಬಿಡುತ್ತದೆ. ರಾತ್ರಿ ಊಟವಾದ ಮೇಲೆ ಸಿಗುವ ಒಂದು ಗಂಟೆ ಏನು ಆಡೋಣ ಎಂದು ಹುಡುಕುವುದರಲ್ಲೇ ಹೋಗುತ್ತದೆ. ಈ ರಾಶಿಯನ್ನು ಹದಕ್ಕೆ ತರುವ ದಾರಿಗಳನ್ನು ಒಂದೊಂದಾಗಿ ಹಿಡಿದು ನೋಡಿದೆ.

ಎಲ್ಲಕ್ಕಿಂತ ಸುಲಭ ಸ್ಟೀಮ್‌ನ ಹೈಡ್. ಗೇಮ್ ಮೇಲೆ ರೈಟ್ ಕ್ಲಿಕ್, ಮ್ಯಾನೇಜ್, ಹೈಡ್, ಅಷ್ಟೆ. ಬೇಕಾದಾಗ ವಾಪಸ್ ತರಬಹುದು. ಟೆಸ್ಟ್ ಸರ್ವರ್, ಹಳೇ ಬೀಟಾದಂಥ ಪರೀಕ್ಷಾ ಆವೃತ್ತಿಗಳನ್ನು ಕಣ್ಣಿನಿಂದ ದೂರ ಮಾಡಲು ಇಷ್ಟು ಸಾಕು. ಆದರೆ ಕೊನೆಯವರೆಗೂ ಆಡಿ ಮುಗಿಸಿದ್ದು, ಹಿಡಿಸದೆ ಅರ್ಧಕ್ಕೆ ಬಿಟ್ಟದ್ದು ಎರಡೂ ಒಂದೇ ಮೂಲೆಗೆ ಸೇರುತ್ತವೆ. ಯಾವುದನ್ನು ಏಕೆ ಮರೆಮಾಡಿದೆ ಎನ್ನುವುದು ಆಮೇಲೆ ತಿಳಿಯುವುದಿಲ್ಲ.

ಸ್ಟೀಮ್ ಸಪೋರ್ಟ್ ಮೂಲಕ ಗೇಮನ್ನು ಖಾತೆಯಿಂದಲೇ ಶಾಶ್ವತವಾಗಿ ತೆಗೆಸಬಹುದು. ಇದನ್ನು ಅನ್‌ಇನ್‌ಸ್ಟಾಲ್ ಜೊತೆ ಬೆರೆಸಬೇಡಿ. ಅನ್‌ಇನ್‌ಸ್ಟಾಲ್ ಮಾಡಿದರೆ ಡಿಸ್ಕ್‌ನಲ್ಲಿ ಜಾಗ ಸಿಗುತ್ತದೆ, ಗೇಮ್ ನಿಮ್ಮದಾಗಿಯೇ ಇರುತ್ತದೆ. ಶಾಶ್ವತವಾಗಿ ತೆಗೆಸಿದ್ದು ಮತ್ತೆ ಬೇಕೆಂದರೆ ಮತ್ತೆ ಕೊಳ್ಳಬೇಕು. ಒಂದೇ ಪ್ಯಾಕೇಜ್‌ನಲ್ಲಿ ಬಂದ ಬೇರೆ ಗೇಮ್‌ಗಳೂ ಜೊತೆಗೇ ಹೋಗುತ್ತವೆ, ಹಾಗಾಗಿ ಖಚಿತಪಡಿಸುವ ಪರದೆಯಲ್ಲಿರುವ ಪಟ್ಟಿಯನ್ನು ಪೂರ್ತಿ ಓದಿ. ಪುಕ್ಕಟೆ ಮಲ್ಟಿಪ್ಲೇಯರ್ ಗೇಮ್‌ಗಳಿಗೆ ಮಾತ್ರ ಈ ದಾರಿ ನನಗೆ ಒಪ್ಪಿಗೆ. ದುಡ್ಡು ಕೊಟ್ಟದ್ದಾದರೆ ಮೊದಲು ರೀಫಂಡ್ ನೋಡಿ: ಕೊಂಡು 14 ದಿನದೊಳಗಿದ್ದು, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ಹಣ ವಾಪಸ್ ಕೇಳಬಹುದು.

ಸ್ಟೀಮ್‌ನಲ್ಲೇ 2019ರಲ್ಲಿ ಬಂದ ಡೈನಾಮಿಕ್ ಕಲೆಕ್ಷನ್ ಇವೆರಡಕ್ಕಿಂತ ಬಹಳ ಮೇಲು. 'ಆಡದ್ದು', 'ಪಜಲ್' ಎಂದು ಫಿಲ್ಟರ್ ಇಟ್ಟರೆ ಪಟ್ಟಿ ತಾನೇ ಸಿದ್ಧವಾಗುತ್ತದೆ, ಹೊಸದಾಗಿ ಕೊಂಡದ್ದೂ ತಾನೇ ಬಂದು ಸೇರುತ್ತದೆ. ಎಪಿಕ್, ಗಾಗ್‌ನಂಥ ಬೇರೆ ಅಂಗಡಿಗಳಲ್ಲಿರುವ ಗೇಮ್‌ಗಳು ಮಾತ್ರ ಇದರ ಲೆಕ್ಕಕ್ಕೆ ಬರುವುದಿಲ್ಲ.

ಕೊನೆಗೆ ನಾನು ನೆಲೆನಿಂತದ್ದು ಪ್ಲೇನೈಟ್‌ನಲ್ಲಿ. ವಿಂಡೋಸ್‌ಗೆ ಸಿಗುವ ಈ ಉಚಿತ, ಓಪನ್ ಸೋರ್ಸ್ ತಂತ್ರಾಂಶ ಎಲ್ಲ ಅಂಗಡಿಗಳ ಗೇಮ್‌ಗಳನ್ನೂ ಒಂದೇ ಪಟ್ಟಿಗೆ ತರುತ್ತದೆ. ಹೆಸರಿನ ಪ್ರಕಾರ ಜೋಡಿಸಿದರೆ 'ವಿಚರ್ 3'ರಂಥ ಗೇಮ್ ಎರಡು ಅಂಗಡಿಗಳಲ್ಲಿ ಇರುವುದು ಅಕ್ಕಪಕ್ಕದಲ್ಲೇ ಕಾಣಿಸುತ್ತದೆ. ಗಾಗ್‌ನವರದೇ ತಂತ್ರಾಂಶ ಗಾಗ್ ಗ್ಯಾಲಕ್ಸಿಯೂ ಹೀಗೆ ಒಟ್ಟುಗೂಡಿಸುತ್ತದೆ, ನೋಡಲು ಇನ್ನೂ ಚೆಂದ. ಆದರೂ ಪ್ಲೇನೈಟನ್ನೇ ಆರಿಸಿಕೊಂಡದ್ದು ಅದರ ಕಂಪ್ಲೀಶನ್ ಸ್ಟೇಟಸ್‌ಗಾಗಿ. ಆಡುತ್ತಿದ್ದೇನೆ, ಮುಗಿಸಿದೆ, ತಡೆಹಿಡಿದಿದ್ದೇನೆ, ಕೈಬಿಟ್ಟೆ ಎಂದು ಪ್ರತಿ ಗೇಮ್‌ಗೂ ಗುರುತು ಹಾಕಬಹುದು. 'ಕೈಬಿಟ್ಟೆ' ಎಂದು ಗುರುತು ಹಾಕಿದ ಗೇಮ್ ಬಗ್ಗೆ ಮತ್ತೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೈಡ್ ಮಾಡಿದಾಗ ಈ ನಿರಾಳ ನನಗೆ ಸಿಗಲಿಲ್ಲ. ಮೊದಲ ಸಲ ಕೂತು ಗುರುತು ಹಾಕಲು ತಾಳ್ಮೆ ಬೇಕು, ನಿಜ. ಗೇಮ್‌ಗಳೆಲ್ಲ ಸ್ಟೀಮ್‌ನಲ್ಲೇ ಇರುವವರು ಇಷ್ಟು ಶ್ರಮಪಡಬೇಕಿಲ್ಲ, ಡೈನಾಮಿಕ್ ಕಲೆಕ್ಷನ್ ಸಾಕು. ಮೂರು ನಾಲ್ಕು ಅಂಗಡಿಗಳಲ್ಲಿ ಖಾತೆ ಇರುವವರು ಒಂದು ಭಾನುವಾರ ಬಿಡುವು ಮಾಡಿಕೊಂಡು ಪ್ಲೇನೈಟ್ ಹಾಕಿಕೊಳ್ಳಿ.