ಅಪಘಾತ ಪರಿಹಾರಕ್ಕೆ ಲೋಕ ಅದಾಲತ್: ಪೀಠದಲ್ಲಿ ಕುಳಿತವರ ಬದುಕೂ ಲೆಕ್ಕಕ್ಕೆ ಬರುತ್ತದೆ

ಮೋಟಾರು ಅಪಘಾತ ಪರಿಹಾರದ ಪ್ರಕರಣವನ್ನು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದೇ ಎಂದು ಯೋಚಿಸುತ್ತಿರುವ ಬೆಂಗಳೂರಿಗರಿಗಾಗಿ ಈ ವಿಮರ್ಶೆ. ನಮ್ಮ ಬೀದಿಯಲ್ಲಿ ಟೈಲರಿಂಗ್ ಮಾಡುವ ಮಹಿಳೆಯೊಬ್ಬರ ಜೊತೆಗೆ ನಗರದ ನ್ಯಾಯಾಲಯ ಸಂಕೀರ್ಣವೊಂದಕ್ಕೆ ಹೋಗಿ, ಅವರ ಪ್ರಕರಣ ಮುಗಿಯುವವರೆಗೂ ಕುಳಿತು ಕೇಳಿದ್ದೇನೆ. ಜನಜಂಗುಳಿ, ಕುರ್ಚಿಗಳ ಕೊರತೆ ನಿರೀಕ್ಷಿತವೇ. ನಿರೀಕ್ಷಿಸದೆ ಇದ್ದದ್ದು ನ್ಯಾಯಾಧೀಶರು ಪ್ರಶ್ನೆ ಕೇಳಿದ ಬಗೆ.

ಪರಿಹಾರದ ಲೆಕ್ಕದಲ್ಲಿ ಬಹುಪಾಲು ಮೊದಲೇ ನಿಗದಿಯಾಗಿರುತ್ತದೆ. ವಯಸ್ಸಿಗೆ ತಕ್ಕ ಗುಣಕವನ್ನು, ಅಂದರೆ ವರ್ಷದ ಆದಾಯ ನಷ್ಟವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆಯನ್ನು, ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಪ್ರಕರಣದಲ್ಲಿ ಗೊತ್ತುಪಡಿಸಿದೆ. 41ರಿಂದ 45 ವರ್ಷದವರಿಗೆ ಅದು 14. ಆದಾಯದ ದಾಖಲೆ ಇಲ್ಲದವರಿಗೆ, ಅಪಘಾತವಾದ ವರ್ಷವನ್ನು ನೋಡಿ ಕಾಲ್ಪನಿಕ ಆದಾಯ ಹಿಡಿಯುವ ಪಟ್ಟಿಯೊಂದು ನಮ್ಮ ರಾಜ್ಯದ ಲೋಕ ಅದಾಲತ್‌ಗಳಲ್ಲಿ ಬಳಕೆಯಲ್ಲಿದೆ. ಆದರೆ ಗಾಯದಿಂದ ಗಳಿಕೆಗೆ ಎಷ್ಟು ಪೆಟ್ಟು ಬಿದ್ದಿದೆ ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ವೈದ್ಯರು ಒಂದು ಕೈಗೆ ಶೇ. 30ರಷ್ಟು ಊನವೆಂದು ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗವನ್ನಷ್ಟೇ ಹಿಡಿಯುವುದು ಸಾಮಾನ್ಯ ರೂಢಿ. ಈ ಮಹಿಳೆಯ ಪ್ರಕರಣದಲ್ಲೂ ವಿಮಾ ಕಂಪನಿಯ ವಕೀಲರು ಅಲ್ಲಿಗೇ ನಿಲ್ಲಿಸಲು ಸಿದ್ಧರಾಗಿದ್ದರು.

ನ್ಯಾಯಾಧೀಶರು ಮಾತ್ರ ಕಡತವನ್ನು ಪಕ್ಕಕ್ಕಿಟ್ಟು, "ಏನಮ್ಮ, ಗೌರಿ ಹಬ್ಬಕ್ಕೆ ಮುಂಚೆ ದಿನಕ್ಕೆ ಎಷ್ಟು ರವಿಕೆ ಹೊಲಿಯುತ್ತಿದ್ದಿರಿ? ಈಗ ಕತ್ತರಿ ಹಿಡಿಯಲು ಆಗುತ್ತದೆಯೇ?" ಎಂದು ಕೇಳಿದರು. ಆಕೆ ಬಲಗೈ ಹೆಬ್ಬೆರಳನ್ನು ಮಡಚಲು ಹೋಗಿ ಅರ್ಧಕ್ಕೇ ನಿಲ್ಲಿಸಿ, "ಕಟಿಂಗ್ ಈಗ ಬೇರೆಯವರ ಹತ್ತಿರ ಮಾಡಿಸ್ತೀನಿ ಸರ್" ಎಂದರು. ತಮ್ಮ ತಾಯಿ ಹೊಲಿಗೆ ಯಂತ್ರ ತುಳಿದು ಮಕ್ಕಳನ್ನು ಓದಿಸಿದವರೆಂದು ನ್ಯಾಯಾಧೀಶರು ವಕೀಲರತ್ತ ತಿರುಗಿ ಹೇಳಿದ ಮೇಲೆ, ಶೇಕಡಾವಾರು ಕುರಿತ ಚೌಕಾಸಿ ಬೇರೆ ಹಾದಿ ಹಿಡಿದು, ಕಂಪನಿಯ ಮೊತ್ತ ಸಾಕಷ್ಟು ಮೇಲೇರಿತು. ಇದನ್ನು ಕೇವಲ ಅನುಕಂಪವೆನ್ನಲಾಗದು. ಗಾಯವು ಆ ವ್ಯಕ್ತಿಯ ಕಸುಬಿನ ಮೇಲೆ ಬೀರಿದ ಪರಿಣಾಮವನ್ನೇ ನೋಡಬೇಕೆಂದು 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪರಿಣಾಮವನ್ನು ಅಳೆಯುವ ಪ್ರಶ್ನೆ ಯಾವುದೆಂದು ಈ ನ್ಯಾಯಾಧೀಶರಿಗೆ ತಮ್ಮ ಮನೆಯಿಂದಲೇ ಗೊತ್ತಿತ್ತು.

ಅದೇ ಪೀಠದ ಮುಂದೆ ಬಂದ ಮತ್ತೊಬ್ಬ ಯುವಕ ಆ್ಯಪ್ ಮೂಲಕ ಊಟ ತಲುಪಿಸುವವನು. "ಇದು ಓದು ಮುಗಿಯುವ ತನಕದ ಕೆಲಸ ಅಲ್ಲವೇನಪ್ಪ?" ಎಂದು ನ್ಯಾಯಾಧೀಶರು ಕೇಳಿದರು. ಮಂಡಿಯ ನೋವಿನಿಂದ ದಿನಕ್ಕೆ ಎಷ್ಟು ಆರ್ಡರ್ ಕಡಿಮೆಯಾಗಿದೆ ಎಂಬ ಪ್ರಶ್ನೆ ಬರಲೇ ಇಲ್ಲ. ತಾವು ಕಂಡ ಬದುಕು ಪ್ರಶ್ನೆಯನ್ನು ಹುಟ್ಟಿಸುವಂತೆ, ಕಾಣದ ಬದುಕು ಅದನ್ನು ತಪ್ಪಿಸಿಯೂ ಬಿಡುತ್ತದೆ. ಆ ಯುವಕನ ವಕೀಲರು ಗಳಿಕೆಯ ವಿವರವನ್ನು ಮೊಬೈಲಿನಿಂದ ಮುದ್ರಿಸಿ ತಂದಿದ್ದರೆ ಮಾತು ಬೇರೆಯಾಗುತ್ತಿತ್ತೇನೋ.

ಆದ್ದರಿಂದ ಹೋಗುವವರು ತಮ್ಮ ಕಸುಬಿನ ಪುರಾವೆಗಳನ್ನು, ಆರ್ಡರ್ ಪುಸ್ತಕವನ್ನೋ ಬ್ಯಾಂಕ್ ಪಾಸ್‌ಬುಕ್ಕನ್ನೋ, ಕೈಯಲ್ಲೇ ಇಟ್ಟುಕೊಳ್ಳಬೇಕು. ಮೊತ್ತ ಒಪ್ಪಿಗೆಯಾಗದಿದ್ದರೆ ಪ್ರಕರಣ ಮತ್ತೆ ನ್ಯಾಯಾಲಯಕ್ಕೇ ಹೋಗುತ್ತದೆ, ನಷ್ಟವೇನಿಲ್ಲ. ಒಪ್ಪಿದರೆ ಮಾತ್ರ ಮೇಲ್ಮನವಿಗೆ ಅವಕಾಶವಿಲ್ಲದ ಕಾರಣ, ಹಣ ಠೇವಣಿ ಮಾಡುವ ಗಡುವು ಮತ್ತು ತಡವಾದರೆ ಕೊಡಬೇಕಾದ ಬಡ್ಡಿಯ ಸಾಲುಗಳನ್ನು ಓದಿಸಿಕೊಂಡ ಮೇಲೆಯೇ ಜಂಟಿ ಮೆಮೊಗೆ (ಎರಡೂ ಕಡೆಯವರ ರಾಜಿ ಪತ್ರಕ್ಕೆ) ಸಹಿ ಹಾಕಬೇಕು.