ಮೂರು ವರ್ಷದಿಂದ ಗಲ್ಲಾ ಪಕ್ಕ ಕೂತಿರುವ ಸೌಂಡ್‌ಬಾಕ್ಸ್

ಬೆಳಿಗ್ಗೆ ಆರೂವರೆಗೆ ಶಟರ್ ಎತ್ತಿ, ಮುಂದೆ ನೀರು ಹಾಕಿ, ಮಂಜುನಾಥನ ಫೋಟೋಗೆ ಊದಿನಕಡ್ಡಿ ಹಚ್ಚುತ್ತೇನೆ. ಆಮೇಲೆ ಯುಪಿಐನಲ್ಲಿ ದುಡ್ಡು ಬಂದಾಗ ಮೊತ್ತ ಕೂಗಿ ಹೇಳುವ ಸೌಂಡ್‌ಬಾಕ್ಸ್ ಆನ್ ಮಾಡಿ, ನನ್ನ ಫೋನಿನಿಂದ ನಮ್ಮದೇ ಕ್ಯೂಆರ್ ಸ್ಕ್ಯಾನ್ ಮಾಡಿ ಒಂದು ರೂಪಾಯಿ ಕಳಿಸುತ್ತೇನೆ. ಬಾಕ್ಸ್ ಕೂಗಿದರೆ ಬೋಣಿ ಆದ ಹಾಗೆ. ಅಂಗಡಿಯ ಅಕೌಂಟ್ ಇರುವುದು ನನ್ನ ಹೆಂಡತಿ ಹೆಸರಲ್ಲಿ. "ನನಗೇ ಒಂದು ರೂಪಾಯಿ ಕೊಟ್ಟು ಅದನ್ನ ಬೋಣಿ ಅಂತೀರಲ್ಲ ರೀ" ಅಂತ ಅವಳು ದಿನಾ ನಗುತ್ತಾಳೆ. ನಗಲಿ. ಈ ಒಂದು ರೂಪಾಯಿ ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮದು ತುಮಕೂರಿನಲ್ಲಿ ಸಣ್ಣ ಪ್ರಾವಿಷನ್ ಸ್ಟೋರ್. ಬಾಕ್ಸ್ ತಗೊಂಡಿದ್ದು ಆಸೆಗಲ್ಲ, ಏಟು ತಿಂದ ಮೇಲೆ. ಒಂದು ಸಂಜೆ ಏಳು ಗಂಟೆ, ಅಂಗಡಿ ತುಂಬ ಜನ. ಒಬ್ಬ ಎಣ್ಣೆ, ತೊಗರಿಬೇಳೆ, ಎರಡು ಪ್ಯಾಕೆಟ್ ಕಾಫಿಪುಡಿ ಎಲ್ಲ ಕಟ್ಟಿಸಿಕೊಂಡು 640 ರೂಪಾಯಿ ಹಾಕಿದೆ ಅಂತ ಫೋನ್ ತೋರಿಸಿದ. ಹಸಿರು ಟಿಕ್ ಇತ್ತು, ಟಿಂಗ್ ಅಂತ ಸದ್ದೂ ಬಂತು. ರಾತ್ರಿ ಲೆಕ್ಕ ನೋಡಿದರೆ ಆ 640 ಇಲ್ಲವೇ ಇಲ್ಲ. ಅದು ನಕಲಿ ಆ್ಯಪ್. ಅಂಗಡಿ ಹೆಸರು, ಮೊತ್ತ ಟೈಪ್ ಮಾಡಿದರೆ ಸಾಕು, ಅಸಲಿಯಂಥ ಸ್ಕ್ರೀನ್ ಬರುತ್ತೆ. ಒಂದು ಲೀಟರ್ ಎಣ್ಣೆ ಪ್ಯಾಕೆಟ್‌ಗೆ ನನಗೆ ಉಳಿಯುವುದು 4 ರೂಪಾಯಿ. ಆ 640 ವಾಪಸ್ ಬರಬೇಕಾದರೆ 160 ಪ್ಯಾಕೆಟ್ ಮಾರಬೇಕು. ಸೈಬರ್ ದೂರಿಗೆ 1930 ಸಹಾಯವಾಣಿ ಇದೆ, ಗೊತ್ತು. ಆದರೆ 640 ರೂಪಾಯಿಗೆ ಅಂಗಡಿ ಬಿಟ್ಟು ಯಾರು ಓಡಾಡುತ್ತಾರೆ? ಕಳ್ಳನಿಗೂ ಅದು ಗೊತ್ತು ಅಲ್ವಾ.

ಮಾರನೇ ವಾರವೇ ಬಾಕ್ಸ್ ಹಾಕಿಸಿದೆ. ಮೊದಲ ವರ್ಷ ಅದರ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿತ್ತು. ಬೇಳೆ ತೂಗುತ್ತಾ ಇದ್ದರೂ ದುಡ್ಡು ಬಂದಿದ್ದು ಕಿವಿಗೆ ಬೀಳುತ್ತೆ. ಫೋನ್ ಮುಟ್ಟಬೇಕಿಲ್ಲ, ಕೈಯಲ್ಲಿ ಬೆಲ್ಲ ಅಂಟಿದ್ದರೂ ಚಿಂತೆ ಇಲ್ಲ. ಅದೂ ಕನ್ನಡದಲ್ಲಿ ಹೇಳುತ್ತೆ. ನನ್ನ ಅಮ್ಮ ಓದಿದವಳಲ್ಲ, ಮಧ್ಯಾಹ್ನ ಅವಳೇ ಗಲ್ಲಾದಲ್ಲಿ ಕೂರುತ್ತಾಳೆ. ಬಾಕ್ಸ್ ಮಾತಾಡದೆ ಅವಳು ಯಾರಿಗೂ ಚೀಲ ಕೊಡುವುದಿಲ್ಲ.

ಎರಡನೇ ವರ್ಷ ಶುರುವಾಯಿತು ನೋಡಿ ತಲೆನೋವು. ಬಾಕ್ಸ್ ತಡವಾಗಿ ಮಾತಾಡತೊಡಗಿತು. ಒಮ್ಮೊಮ್ಮೆ ಮೂರು ನಿಮಿಷ. ಗಿರಾಕಿ ಬೀದಿ ತಿರುವು ದಾಟಿದ ಮೇಲೆ "ನಲವತ್ತು ರೂಪಾಯಿ" ಅನ್ನುತ್ತೆ. ಕಂಪನಿಗೆ ಫೋನ್ ಮಾಡಿದರೆ ನೆಟ್‌ವರ್ಕ್ ಅನ್ನುತ್ತಾರೆ, ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ತಿಂಗಳಿಗೆ 125 ರೂಪಾಯಿ ಬಾಡಿಗೆ ಮಾತ್ರ ಒಂದು ದಿನವೂ ತಡವಾಗದೆ ಕಟ್ ಆಗುತ್ತೆ!

ಈ ತಡವೇ ಕಳ್ಳರಿಗೆ ಬಾಗಿಲು. "ಅಣ್ಣಾ, ನನ್ನ ಕಡೆ ಕಟ್ ಆಯ್ತು, ನಿಮ್ಮ ಬಾಕ್ಸ್‌ಗೇ ನೆಟ್‌ವರ್ಕ್ ಇಲ್ಲ" ಅಂತ ಒಬ್ಬ ಹುಡುಗ 380 ರೂಪಾಯಿಯ ಸ್ಕ್ರೀನ್ ತೋರಿಸಿದ. ಅವತ್ತು ಸುಮ್ನೆ ಹೆಸರು ನೋಡಿದೆ. "ಶ್ರೀ ಮಂಜುನಾಥ ಪ್ರಾವಿಷನ್ ಸ್ಟೋರ್" ಅಂತಿತ್ತು. ಅಲ್ಲೇ ಸಿಕ್ಕಿಬಿದ್ದ. ನಮ್ಮ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಬರುವುದು ನನ್ನ ಹೆಂಡತಿಯ ಹೆಸರು. ಇವನು ಬೋರ್ಡ್ ನೋಡಿಕೊಂಡು ಟೈಪ್ ಮಾಡಿದ್ದ. "ಈ ಪೇಮೆಂಟ್‌ನ ಗುರುತಿಗೆ ಬರುವ 12 ಅಂಕಿಯ ಯುಟಿಆರ್ ನಂಬರ್ ಹೇಳಪ್ಪ, ಬ್ಯಾಂಕಲ್ಲಿ ಕೇಳೋಣ" ಅಂದೆ. ಚೀಲ ಅಲ್ಲೇ ಬಿಟ್ಟು ಬೈಕ್ ಹತ್ತಿದ.

ಈಗ ಆ ಒಂದು ರೂಪಾಯಿ ವಿಷಯ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೋದಲ್ಲಿ ರಾತ್ರಿ ಹೊತ್ತು ಅಂಗಡಿಗಳ ಕ್ಯೂಆರ್ ಮೇಲೆ ಬೇರೆ ಕ್ಯೂಆರ್ ಅಂಟಿಸಿ ಹೋಗಿದ್ದರು. ಸ್ಕ್ಯಾನ್ ಮಾಡಿದಾಗ ಬೇರೆ ಹೆಸರು ಬರುತ್ತಿದೆ ಅಂತ ಗಿರಾಕಿ ಹೇಳಿದ ಮೇಲೆ ಮೆಡಿಕಲ್ ಸ್ಟೋರಿನವರಿಗೆ ಗೊತ್ತಾಗಿದ್ದು. ಅದನ್ನು ಓದಿದ ದಿನದಿಂದ ನನ್ನದು ಈ ಬೋಣಿ. ಹೆಂಡತಿ ಹೆಸರು ಬಂತಾ, ಬಾಕ್ಸ್ ಕೂಗಿತಾ, ಎರಡೂ ಒಂದೇ ರೂಪಾಯಿಯಲ್ಲಿ ಮುಗಿಯುತ್ತೆ.

ಬಾಕ್ಸ್‌ಗೆ ಆಗದ ಕೆಲಸವೂ ಇದೆ. ಪಕ್ಕದ ಜ್ಯೂಸ್ ಅಂಗಡಿಯವರ ಅಕೌಂಟ್ ಒಮ್ಮೆ ಫ್ರೀಜ್ ಆಯಿತು. ಯಾರೋ ಮೋಸದ ದುಡ್ಡಿನಲ್ಲಿ ಅವರ ಹತ್ತಿರ ಜ್ಯೂಸ್ ಕುಡಿದಿದ್ದ, ದೂರು ಹೋಗಿದ್ದು ಬೇರೆ ರಾಜ್ಯದ ಪೊಲೀಸರಿಗೆ. ಬಾಕ್ಸ್ "ಬಂದಿದೆ" ಅಂದಿತ್ತು, ದುಡ್ಡೂ ನಿಜವಾಗಿ ಬಂದಿತ್ತು. ಆದರೂ ಪಾಪ ಅವರು ವಾರಗಟ್ಟಲೆ ಬ್ಯಾಂಕಿಗೆ ಅಲೆದರು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದು ಗಲಾಟೆ ಆದಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬರೆದು ಹಾಕಿದವು. ನಾನೂ ಎರಡು ದಿನ ಯೋಚಿಸಿದೆ. ಅಮ್ಮ ಬಿಡಲಿಲ್ಲ, "ಅದು ಇರಲಿ, ಜೊತೆಗೆ ಒಂದು ದನಿ" ಅಂದಳು.

ಹಾಗಾಗಿ ನನ್ನ ಲೆಕ್ಕ ಇಷ್ಟು. ದಿನಕ್ಕೆ ಹತ್ತು ಹದಿನೈದು ಸ್ಕ್ಯಾನ್ ಅಷ್ಟೇ ಇರುವ ಅಂಗಡಿಗೆ 125 ಜಾಸ್ತಿ, ಫೋನಿಗೆ ಬರುವ ಮೆಸೇಜ್ ನೋಡಿಕೊಂಡರೆ ಸಾಕು. ಸಂಜೆ ಜನ ಮುತ್ತುವ ಅಂಗಡಿಗೆ ಬೇಕೇ ಬೇಕು. ಐದಕ್ಕೆ ಮೂರು ಸ್ಟಾರ್. ಒಂದು ಸ್ಟಾರ್ ತಡಕ್ಕೆ ಹೋಯಿತು. ಇನ್ನೊಂದು, ಅದು ಮೊತ್ತ ಹೇಳುತ್ತೆ, ಹೆಸರು ಹೇಳಲ್ಲ ಅನ್ನುವುದಕ್ಕೆ.

ನಿನ್ನೆಯದೇ ಕತೆ ಕೇಳಿ. ಒಬ್ಬ ಹುಡುಗ 60 ರೂಪಾಯಿ ಹಾಕಿದ. ಬಾಕ್ಸ್ ಗಪ್‌ಚುಪ್. ಇಬ್ಬರೂ ಅದರ ಮುಖ ನೋಡುತ್ತಾ ನಿಂತೆವು. ಕೊನೆಗೆ "ಅರವತ್ತು ರೂಪಾಯಿ" ಅಂತು. ಹುಡುಗ ಚೀಲಕ್ಕೆ ಕೈ ಹಾಕಿದ. ಅವನ ಹಿಂದಿನಿಂದ ಒಬ್ಬ ಅಜ್ಜ, "ಏ, ಅದು ನಂದು ಕಣಪ್ಪ!"